ದನದ ಹೊಟ್ಟೆಯ ಹುಳು, ಡಾಕ್ಟ್ರಮ್ಮನ ತಲೆಬಿಸಿ

ಮಳೆಗಾಲ ಮುಗಿದು, ಭತ್ತದ ಕೊಯ್ಲಾಗಿ, ಗದ್ದೆಗೆ ದನ ಬಿಟ್ಟರು ಅಂದರೆ ನನಗೆ ಸಿಟ್ಟು ಬರುವ ಕಾಲ ಶುರುವಾಯಿತು ಅಂತಲೇ ಲೆಕ್ಕ. ಈ ವರ್ಷ ಯಾರ ಮೇಲೂ ರೇಗಬಾರದು ಅಂತ ಪ್ರತಿ ವರ್ಷ ಅಂದುಕೊಳ್ಳುತ್ತೇನೆ. ದೀಪಾವಳಿ ಕಳೆಯುವುದರೊಳಗೆ ಯಾರಾದರೊಬ್ಬರು ಬಂದು ಅದನ್ನು ಕೆಡಿಸಿಯೇ ಕೆಡಿಸುತ್ತಾರೆ.

ನಾನು ಪಶುವೈದ್ಯೆ. ಹುಟ್ಟಿ ಬೆಳೆದದ್ದು ಚಿತ್ರದುರ್ಗದ ಕಡೆ. ಕೆಲಸ ಸಿಕ್ಕಿದ್ದು ಬೈಂದೂರಿನ ಕಡೆ, ಆಮೇಲೆ ಕುಂದಾಪುರ, ಈಗ ಬ್ರಹ್ಮಾವರ. ಇಲ್ಲಿನವರು ದನಕರುಗಳಿಗೆ ‘ಗಂಟಿ’ ಅನ್ನುತ್ತಾರೆ. ಅದು ಗೊತ್ತಿಲ್ಲದ ಮೊದಲ ವಾರ ಒಬ್ಬರು ಬಂದು, “ಡಾಕ್ಟ್ರೆ, ನಮ್ಮ ಗಂಟಿಗೆ ಸಮ ಇಲ್ಲೆ” ಅಂದಾಗ, ಗಂಟಲಿಗಾದರೆ ಮನುಷ್ಯರ ಆಸ್ಪತ್ರೆಗೆ ಹೋಗಿ ಅಂತ ದಾರಿ ತೋರಿಸಿ ಕಳಿಸಿದ್ದೆ. ಅವರು ಹೋಗಿ, ಅಲ್ಲಿ ಬೈಸಿಕೊಂಡು, ತಿರುಗಿ ಬಂದರು.

ನನ್ನ ಸಿಟ್ಟಿಗೆ ಕಾರಣ ಹುಳು. ಮಳೆಗಾಲದಲ್ಲಿ ನೀರು ನಿಂತ ಗದ್ದೆ, ತೋಡು, ಕೆರೆಯಂಚಿನಲ್ಲೆಲ್ಲ ಸಣ್ಣ ಸಣ್ಣ ಬಸವನಹುಳುಗಳಿರುತ್ತವೆ. ಅವುಗಳ ಮೈಯೊಳಗೆ ಬೆಳೆದ ಬೇರೊಂದು ಹುಳುವಿನ ಮರಿಗಳು ಹೊರಬಂದು ಹುಲ್ಲಿಗೆ ಅಂಟಿಕೊಂಡು ಕೂರುತ್ತವೆ. ದನ ಆ ಹುಲ್ಲು ಮೇದರೆ ಮುಗಿಯಿತು, ಹುಳು ಅದರ ಪಿತ್ತಕೋಶದ ದಾರಿಯಲ್ಲಿ ಮನೆ ಮಾಡಿ ರಕ್ತ ಹೀರುತ್ತಾ ಕೂರುತ್ತದೆ. ದನ ಸೊರಗುತ್ತದೆ, ಭೇದಿ ಮಾಡುತ್ತದೆ, ಹಾಲು ಬತ್ತುತ್ತದೆ. ಕೊನೆಗೆ ದವಡೆಯ ಕೆಳಗೆ ನೀರು ತುಂಬಿ ಚೀಲದ ಹಾಗೆ ಜೋಲುತ್ತದೆ. ಸಮಯಕ್ಕೆ ಮದ್ದು ಕುಡಿಸಿದರೆ ಬದುಕುತ್ತದೆ, ಇಲ್ಲದಿದ್ದರೆ ಸಾಯುತ್ತದೆ. ಇದರಲ್ಲಿ ಅರ್ಥವಾಗದೇ ಇರುವಂಥದ್ದು ಏನಿದೆ? ಏನೂ ಇಲ್ಲ ಅಂತ ನಾನೂ ತಿಳಿದುಕೊಂಡಿದ್ದೆ.

ಚಂದದ ಸೆಗಣಿ

ಕೊಲ್ಲೂರಿನಲ್ಲಿ ಯಾತ್ರಿಕರಿಗೆ ಕುಂಕುಮ, ಬಳೆ, ದೇವರ ಪಟ ಮಾರುವ ಅಂಗಡಿಯವರೊಬ್ಬರು ಬಂದರು. ಅವರ ದನ ಕಾಡಿನಂಚಿನಲ್ಲಿ ಮೇಯುವಂಥದ್ದು. ಒಂದೇ ಸಮನೆ ಭೇದಿ, ಎಲುಬು ಕಾಣುತ್ತಿದೆ ಅಂದರು. ಬೆಳಿಗ್ಗೆ ಹಾಕಿದ ಸೆಗಣಿ ಸ್ವಲ್ಪ ತನ್ನಿ, ಬೆಂಕಿಪೆಟ್ಟಿಗೆಯಷ್ಟು ಸಾಕು, ಪರೀಕ್ಷೆ ಮಾಡಿ ಯಾವ ಹುಳು ಅಂತ ನೋಡಿ ಮದ್ದು ಕೊಡುತ್ತೇನೆ ಅಂದೆ.

ಮರುದಿನ ತಂದರು. ಅಷ್ಟು ಅಚ್ಚುಕಟ್ಟಾಗಿ ಸೆಗಣಿ ತಂದವರನ್ನು ನಾನು ಅದಕ್ಕೆ ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ. ಹೊಸ ಡಬ್ಬಿ, ಮುಚ್ಚಳದ ಮೇಲೆ ಬಾಳೆಲೆ ಚೂರು, ಅದಕ್ಕೊಂದು ರಬ್ಬರ್ ಬ್ಯಾಂಡ್. ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಒಂದೇ ಒಂದು ಮೊಟ್ಟೆ ಇಲ್ಲ. ಹುಳುವಿನ ಕಾಟ ಇದ್ದಂತಿಲ್ಲ ಅಂತ ಹೊಟ್ಟೆ ಸರಿಯಾಗಲು ಒಂದು ಪುಡಿ ಕೊಟ್ಟು ಕಳಿಸಿದೆ. ವಾರ ಕಳೆದು ಬಂದರು, ದನ ಇನ್ನೂ ಇಳಿದಿದೆ ಅಂದರು. ಮತ್ತೆ ಸೆಗಣಿ ತರಿಸಿದೆ. ಮತ್ತೆ ಅದೇ ಡಬ್ಬಿ, ಅದೇ ಬಾಳೆಲೆ. ಮತ್ತೆ ಏನೂ ಇಲ್ಲ. ನನಗೆ ನನ್ನ ಕಣ್ಣಿನ ಮೇಲೇ ಅನುಮಾನ ಬಂತು. ಕನ್ನಡಕ ಒರೆಸಿದೆ, ಸೂಕ್ಷ್ಮದರ್ಶಕದ ಗಾಜು ಒರೆಸಿದೆ, ನಮ್ಮ ಸಹಾಯಕರ ಹತ್ತಿರ ಸುಮ್ಮನೆ ಜಗಳವಾಡಿದೆ. ಸಮಾಧಾನವಾಗದೆ ಅವರ ಮನೆಗೇ ಹೊರಟೆ.

ಹಟ್ಟಿಯಲ್ಲಿ, ಅಂದರೆ ಇಲ್ಲಿನವರ ಕೊಟ್ಟಿಗೆಯಲ್ಲಿ, ದನ ನಿಂತಿತ್ತು. ಬಾಲದಿಂದ ಗೊರಸಿನವರೆಗೆ ಹಿಂಭಾಗವೆಲ್ಲ ಭೇದಿಯಲ್ಲಿ ತೊಯ್ದು ಹೋಗಿತ್ತು. ನಾನು ಸೂಕ್ಷ್ಮದರ್ಶಕದಲ್ಲಿ ನೋಡಿದ ಗಟ್ಟಿ ಸೆಗಣಿಗೂ ಈ ದನಕ್ಕೂ ಯಾವ ಸಂಬಂಧವೂ ಇದ್ದಂತೆ ಕಾಣಲಿಲ್ಲ.

“ನೀವು ತಂದದ್ದು ಇದರ ಸೆಗಣಿಯೇನಾ?” ಅಂತ ಕೇಳಿದೆ.

“ಛೆ ಛೆ” ಅಂದರು ಅವರು. “ಇದ್ರದ್ದ್ ನೀರ್ ನೀರ್, ವಾಸ್ನೆ ಬೇರೆ. ನೀವ್ ಹೆಂಗಸ್ರ್ ಡಾಕ್ಟ್ರ್, ನಿಮ್ಮ ಕೈಯಗೆ ಅದನ್ನ ಕೊಡುದ್ ಹ್ಯಾಂಗೆ? ಬದಿ ಮನೆ ದನದ್ದ್ ಚಂದ ಗಟ್ಟಿ ಇರತ್ತ್. ಅದನ್ನೇ ಕೇಂಡ್ಕಂಡ್ ತಂದೆ.”

ಅಲ್ಲೇ ನಿಂತು, ಆ ದನದ್ದೇ ಸೆಗಣಿಯನ್ನು ನನ್ನ ಕೈಯಾರೆ ತೆಗೆದುಕೊಂಡು, ಮದ್ದನ್ನೂ ಕುಡಿಸಿ, ಮರ್ಯಾದೆಗೂ ರೋಗಕ್ಕೂ ಸಂಬಂಧವಿಲ್ಲ ಅಂತ ಒಂದು ದೊಡ್ಡ ಭಾಷಣ ಮಾಡಿದೆ. ಅವರು ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡರು. ನಾನು ಗೇಟು ದಾಟುವಾಗ ಹಿಂದಿನಿಂದ ಓಡಿ ಬಂದರು. ಕ್ಷಮೆ ಕೇಳಲು ಬಂದರೇನೋ ಅಂದುಕೊಂಡು ನಿಂತೆ.

“ಹ್ವಾಯ್ ಡಾಕ್ಟ್ರೆ, ಆ ಬದಿ ಮನೆ ದನಕ್ಕೆ ಎಂತದೂ ಇಲ್ಯಲೆ? ಅವ್ರ್ ರಿಪೋರ್ಟ್ ಕೇಂತಿದ್ರ್.”

ತುಂಬಿದ ಗಲ್ಲ

ಗಂಗೊಳ್ಳಿಯ ಐಸ್ ಪ್ಲಾಂಟಿನಲ್ಲಿ ಕೆಲಸ ಮಾಡುವವರೊಬ್ಬರ ಮನೆಯಲ್ಲಿ ಒಂದು ಮಿಶ್ರತಳಿ ದನವಿತ್ತು. ಹೊಳೆ ಬದಿಯ ಜೌಗಿನಲ್ಲಿ ಮೇಯುತ್ತಿತ್ತು. ಬರೀ ಹುಲ್ಲು ಸಾಲದು, ಹಿಂಡಿಯೂ ಹಾಕಿ ಅಂತ ನಾನೇ ಹಿಂದೊಮ್ಮೆ ಹೇಳಿದ್ದೆ. ಒಂದು ದಿನ ಬೇರೇನೋ ಕೆಲಸಕ್ಕೆ ಆಸ್ಪತ್ರೆಗೆ ಬಂದವರು ಜೇಬಿನಿಂದ ಮೊಬೈಲ್ ತೆಗೆದು ಮುಂದೆ ಹಿಡಿದರು. ದನದ ಜತೆ ಅವರು ನಿಂತ ಫೋಟೋ. ಅದನ್ನೇ ವಾಟ್ಸಾಪಿಗೂ ಹಾಕಿಕೊಂಡಿದ್ದರು.

“ಕಾಣಿ ಡಾಕ್ಟ್ರೆ, ನೀವ್ ಹೇಳ್ದಾಂಗೆ ಹಿಂಡಿ ಹಾಕಿ ಹಾಕಿ ಗಲ್ಲ ಹ್ಯಾಂಗೆ ತುಂಬಿ ಬಂತ್.”

ನೋಡಿದೆ. ದವಡೆಯ ಕೆಳಗೆ ನೀರು ತುಂಬಿ ಜೋತಾಡುತ್ತಿತ್ತು. “ಅದು ಗಲ್ಲ ತುಂಬಿದ್ದಲ್ಲ ಮಾರಾಯರೆ, ನೀರು. ದನದ ಮೈಯಲ್ಲಿ ರಕ್ತವೇ ಇಲ್ಲ ಅಂತ ಅರ್ಥ. ಇದು ಫೋಟೋ ತೆಗೆಸಿಕೊಳ್ಳುವ ಹೊತ್ತಲ್ಲ, ಸಾಯುವ ಹೊತ್ತು” ಅಂದೆ. ಅವರ ಮುಖ ಸಣ್ಣದಾಯಿತು. ಕೂಡಲೇ ಅವರ ಬೈಕಿನ ಹಿಂದೆಯೇ ನಾನೂ ಹೋದೆ. ದನದ ಕಣ್ಣಿನ ರೆಪ್ಪೆ ಬಿಡಿಸಿ ನೋಡಿದರೆ ಒಳಗೆ ಸುಣ್ಣದ ಹಾಗೆ ಬಿಳಿ. ಇನ್ನೊಂದು ವಾರ ಬಿಟ್ಟಿದ್ದರೆ ಕತೆ ಮುಗಿಯುತ್ತಿತ್ತು. ಮದ್ದು ಕುಡಿಸಿದೆ, ಚುಚ್ಚುಮದ್ದು ಕೊಟ್ಟೆ, ದಿನ ಬಿಟ್ಟು ದಿನ ಹೋಗಿ ನೋಡಿದೆ. ಆ ದನಕ್ಕಾಗಿ ನಾನು ಪಟ್ಟ ಆತಂಕ ನಮ್ಮ ಮನೆಯಲ್ಲಿ ಯಾರಿಗಾದರೂ ಜ್ವರ ಬಂದಾಗಲೂ ಪಟ್ಟಿಲ್ಲ ಅಂತ ನನ್ನ ಗಂಡ ಆಗಾಗ ಎತ್ತಿ ಆಡುವುದುಂಟು.

ದನ ಬದುಕಿತು. ದವಡೆಯ ನೀರು ಇಳಿಯಿತು, ಮೇಯಲು ಶುರು ಮಾಡಿತು. ನಾನು ಒಳಗೊಳಗೇ ಹಿಗ್ಗಿಕೊಂಡಿದ್ದೆ. ಸ್ವಲ್ಪ ದಿನ ಬಿಟ್ಟು ಅವರು ಆಸ್ಪತ್ರೆಗೆ ಬಂದರು. ಬೆಂಚಿನ ತುಂಬ ಜನ. ನನ್ನನ್ನು ಹೊಗಳುತ್ತಾರೆ ಅಂತ ನಾನು ಸ್ವಲ್ಪ ನೆಟ್ಟಗೆ ಕೂತೆ.

“ಡಾಕ್ಟ್ರ್ ಮದ್ದ್ ಕೊಟ್ರ್, ನಮ್ಮ ದನದ ಮೊಕವೇ ಇಳ್ದ್ ಹೋಯ್ತ್” ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

ನನಗೆ ತಡೆಯಲಾಗಲಿಲ್ಲ. “ದನ ಮೇಯುತ್ತಾ?” ಅಂದೆ. ಮೇಯುತ್ತೆ ಅಂದರು. “ಹಾಲು?” ಮೊದಲಿಗಿಂತ ಜಾಸ್ತಿ ಅಂದರು. “ಭೇದಿ?” ನಿಂತಿದೆ ಅಂದರು. “ಮತ್ತೆ ನಿಮಗೆ ಇನ್ನೇನಾಗಬೇಕು ಹೇಳಿ.”

ಅವರು ಬಹಳ ಬೇಸರದಿಂದ ಮೊಬೈಲ್ ತೆಗೆದರು. “ಅದೆಲ್ಲ ಸಮ ಇತ್ತ್ ಡಾಕ್ಟ್ರೆ. ಫೋಟೋ ತೆಗ್ದ್ರೆ ಮಾತ್ರ ಮೊದ್ಲಿನಾಂಗೆ ಬತ್ತಿಲ್ಲೆ.”

ಬಾತುಕೋಳಿಯ ಭಾಗ್ಯ

ಬೈಂದೂರಿನ ಕಡೆಯ ಒಂದು ಊರಿನಲ್ಲಿ ಮಹಿಳೆಯರ ಸ್ವಸಹಾಯ ಗುಂಪಿನವರು ಮಾಹಿತಿ ಶಿಬಿರಕ್ಕೆ ಕರೆದಿದ್ದರು. ಬಸವನಹುಳುವಿನ ಕತೆಯನ್ನು ಚಿತ್ರ ಬಿಡಿಸಿ ಹೇಳಿದೆ. ಬಸವನಹುಳುವಿನ ಮೈಯೊಳಗೇ ರೋಗದ ಬೀಜ ಇರುವುದು, ಅದನ್ನು ಕಡಿಮೆ ಮಾಡಬೇಕಾದರೆ ಬಾತುಕೋಳಿ ಸಾಕಿ, ಅದಕ್ಕೆ ಬಸವನಹುಳು ಅಂದರೆ ಪ್ರಾಣ ಅಂದೆ. ಗುಂಪಿನ ಅಧ್ಯಕ್ಷೆ ಬಹಳ ಚುರುಕಾದ ಹೆಂಗಸು. ಪ್ರಶ್ನೆ ಕೇಳಿದ್ದೂ ಅವರೇ, ಕೊನೆಗೆ ಧನ್ಯವಾದ ಹೇಳಿದ್ದೂ ಅವರೇ. “ನಾವ್ ಬಾತುಕೋಳಿ ಸಾಕುದೇ ಸೈ” ಅಂತ ಎಲ್ಲರ ಎದುರು ಮಾತು ಕೊಟ್ಟರು. ಇಷ್ಟು ವರ್ಷಕ್ಕೆ ನನ್ನ ಮಾತು ಕೇಳುವವರೊಬ್ಬರು ಸಿಕ್ಕಿದರಲ್ಲ ಅಂತ ಖುಷಿಯಲ್ಲಿ ಮನೆಗೆ ಬಂದೆ.

ಮಾತಿಗೆ ತಪ್ಪಲಿಲ್ಲ, ಸಾಕಿದರು. ಆದರೆ ಮುಂದಿನ ಮಳೆಗಾಲ ಕಳೆದ ಮೇಲೆ ಅವರ ಹಟ್ಟಿಯಿಂದಲೇ ಫೋನ್ ಬಂತು. ಎರಡು ದನಗಳಿಗೆ ಭೇದಿ, ಒಂದರ ದವಡೆಯಲ್ಲಿ ಬಾವು. ಬಾತುಕೋಳಿ ಇದ್ದೂ ಹೀಗೆ ಆಗುವುದೆಂದರೇನು? ನಾನು ಹೋಗಿ ದನಗಳಿಗೆ ಮದ್ದು ಕುಡಿಸಿದ ಮೇಲೆ, “ಎಲ್ಲಿ, ನಿಮ್ಮ ಬಾತುಕೋಳಿ ತೋರಿಸಿ” ಅಂದೆ.

ಮನೆಯ ಹಿಂದೆ ಕರೆದುಕೊಂಡು ಹೋದರು. ಹೆಂಚು ಹೊದಿಸಿದ ಗೂಡು, ಸುತ್ತ ಕಬ್ಬಿಣದ ಬಲೆ, ಕುಡಿಯಲು ಬಾವಿ ನೀರು, ತಿನ್ನಲು ಕುಚ್ಚಲಕ್ಕಿ ಅನ್ನ. ನಮ್ಮ ಆಸ್ಪತ್ರೆಯ ಕಟ್ಟಡಕ್ಕಿಂತ ಆ ಗೂಡು ಗಟ್ಟಿಯಾಗಿತ್ತು. ಒಳಗೆ ಬಾತುಕೋಳಿಗಳು ನಡೆಯಲಾರದಷ್ಟು ಕೊಬ್ಬಿ, ಕೂತಲ್ಲೇ ನನ್ನನ್ನು ನೋಡಿದವು.

“ಇವುಗಳನ್ನು ಗದ್ದೆಗೆ ಬಿಡುವುದಿಲ್ಲವಾ?”

“ಅಯ್ಯಬ್ಯಾ, ಬಿಡುಕುಂಟಾ? ಗದ್ದೆಗೆ ಬಿಟ್ರೆ ಬಸವನಹುಳ ತಿಂತೊ ಅಲ್ದಾ? ಅದ್ರಗೇ ರೋಗ ಇಪ್ಪುದ್ ಅಂತ ನೀವೇ ಚಿತ್ರ ಬಿಡ್ಸಿ ತೋರ್ಸಿರಿ. ಇಷ್ಟ್ ಪ್ರೀತಿ ಮಾಡಿ ಸಾಕಿದ್ದನ್ನ ಗದ್ದೆಗೆ ಬಿಟ್ಟ್ ಕೊಲ್ಲುಕಾತ್ತಾ?”

ಕೂಗಾಡಿಬಿಡುತ್ತೇನೆ ಅಂತ ಬಲೆಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಆಮೇಲೆ ಆದಷ್ಟು ಮೆಲ್ಲಗೆ, “ಸರಿ, ನಾನು ಮದ್ದು ಕುಡಿಸಿದೆನಲ್ಲ, ಆ ದನಗಳು ಈಗ ಎಲ್ಲಿವೆ?” ಅಂದೆ.

“ದನ ಎಲ್ಲಿಗ್ ಹೋಪುದ್? ಮೇವುಕೆ ಗದ್ದೆಗೆ ಬಿಟ್ಟಾಯ್ತ್” ಅಂದರು.

ಝೂಮ್ ಮಾಡಿ ಕಾಣಿ

ಮುಂಬಯಿಯಲ್ಲಿ ಬಹಳ ವರ್ಷ ಹೋಟೆಲ್ ನಡೆಸಿ ಊರಿಗೆ ಬಂದು ದನ ಕಟ್ಟಿದವರೊಬ್ಬರಿದ್ದಾರೆ. ಆಸ್ಪತ್ರೆಗೆ ಬರುವುದೆಂದರೆ ಅವರಿಗೆ ಅವಮಾನ. ಎಲ್ಲವೂ ಫೋನಿನಲ್ಲೇ ಆಗಬೇಕು. ಸೆಗಣಿ ತನ್ನಿ ಅಂದದ್ದೇ ತಪ್ಪಾಯಿತು, ಮರುದಿನ ಬೆಳಿಗ್ಗೆ ‘ಶುಭೋದಯ’ ಅಂತ ಗುಲಾಬಿ ಹೂವಿನ ಚಿತ್ರ ಬಂತು. ಅದರ ಕೆಳಗೆ ಸೆಗಣಿಯ ಫೋಟೋ. ಹೀಗೆ ಒಂದು ದಿನವಲ್ಲ, ದಿನಾ. ಮೊದಲು ಗುಲಾಬಿ, ಆಮೇಲೆ ಸೆಗಣಿ. ನಾವು ತಿಂಡಿಗೆ ಕೂರುವ ಹೊತ್ತಿಗೆ ಸರಿಯಾಗಿ ಫೋನು ಟಿಣ್ ಅನ್ನುತ್ತಿತ್ತು. ಒಂದು ದಿನ ಮೇಜಿನ ಮೇಲಿದ್ದ ಫೋನಿನ ಕಡೆ ನನ್ನ ಗಂಡ ಕಣ್ಣು ಹಾಯಿಸಿದವರು, ಚಟ್ನಿಯ ಬಟ್ಟಲನ್ನು ಮೆಲ್ಲನೆ ದೂರ ಸರಿಸಿ ಎದ್ದು ಹೋದರು.

ನಾನು ಫೋನ್ ಮಾಡಿ ಚೆನ್ನಾಗಿ ಬೈದೆ. “ಹುಳುವಿನ ಮೊಟ್ಟೆ ಕಣ್ಣಿಗೆ ಕಾಣುವಂಥದ್ದಲ್ಲ. ಫೋಟೋದಲ್ಲಿ ಸೆಗಣಿ ಬಿಟ್ಟು ಬೇರೇನೂ ಕಾಣುವುದಿಲ್ಲ.”

“ಅರೆ ಮೇಡಂ, ಟೆನ್ಷನ್ ಬ್ಯಾಡ. ಹೊಸ ಫೋನ್, ಕ್ಯಾಮೆರಾ ಏಕ್ದಂ ಫಸ್ಟ್ ಕ್ಲಾಸ್ ಇತ್ತ್. ಝೂಮ್ ಮಾಡಿ ಕಾಣಿ.”

“ಝೂಮ್ ಮಾಡಿದರೂ ಕಾಣುವುದಿಲ್ಲ. ನನಗೆ ಸೆಗಣಿಯೇ ಬೇಕು, ಅದೂ ಆಗಷ್ಟೇ ಹಾಕಿದ ತಾಜಾ ಸೆಗಣಿ” ಅಂತ ಫೋನ್ ಇಟ್ಟೆ.

ಮರುದಿನ ತಿಂಡಿ ಹೊತ್ತಿಗೆ ಗುಲಾಬಿ ಬರಲಿಲ್ಲ, ಫೋಟೋವೂ ಬರಲಿಲ್ಲ. ಗೆದ್ದೆ ಅಂದುಕೊಂಡೆ. ದೋಸೆ ಮುರಿದು ಬಾಯಿಗಿಡುವಾಗ ವಿಡಿಯೋ ಬಂತು. ಬಾಲ ಎತ್ತಿದಲ್ಲಿಂದ ಶುರು. ಕೆಳಗೆ ಬರೆದಿದ್ದರು: “ತಾಜಾ ಬೇಕ್ ಅಂದಿರಲೆ ಮೇಡಂ, ಲೈವ್ ತೆಗ್ದಿದೆ.”

ಹುಳು ಕೊಂದ ಪಾಪ

ಸಾಲಿಗ್ರಾಮದ ಹತ್ತಿರ ಪೂಜೆ ಮತ್ತು ಬೇಸಾಯ ಎರಡನ್ನೂ ನಡೆಸಿಕೊಂಡು ಬಂದ ಒಂದು ಮನೆ. ಅಲ್ಲೊಂದು ಕರುವಿಗೆ ಹೊಟ್ಟೆ ಡೋಲಿನ ಹಾಗೆ ಉಬ್ಬಿತ್ತು, ಕಾಲು ಮಾತ್ರ ಕಡ್ಡಿ. ಗೋಡೆಯ ಮಣ್ಣು ನೆಕ್ಕುತ್ತಿತ್ತು. ಮನೆಯ ಅಮ್ಮನವರೇ ಯಾರಿಗೂ ಹೇಳದೆ ನನಗೆ ಫೋನ್ ಮಾಡಿ ಕರೆಸಿದ್ದರು. ಹೊಟ್ಟೆ ತುಂಬ ಹುಳು, ಇವತ್ತೇ ಮದ್ದು ಕುಡಿಸಬೇಕು ಅಂದೆ.

ಯಜಮಾನರು ಜಗಲಿಯಿಂದ ಇಳಿದು ಬಂದು, “ಮದ್ದ್ ಕುಡ್ಸಿರೆ ಹುಳ ಎಂತ ಆತ್ತೊ?” ಅಂತ ಕೇಳಿದರು.

“ಸಾಯುತ್ತೆ” ಅಂದೆ.

“ಇವತ್ತ್ ಏಕಾದಶಿ. ಬ್ಯಾಡ.”

ಇನ್ನೊಂದು ದಿನ ಹೋದೆ. ಆವತ್ತು ಅವರ ತಂದೆಯ ಶ್ರಾದ್ಧ. ಆಮೇಲೆ ಹೋದಾಗ ಸಂಕ್ರಮಣ. ಪ್ರತಿ ಸಲವೂ ಕರು ಇನ್ನಷ್ಟು ಕುಗ್ಗಿರುತ್ತಿತ್ತು, ಅಮ್ಮನವರು ಬಾಗಿಲ ಹಿಂದೆ ಸೆರಗಿನಲ್ಲಿ ಕಣ್ಣೊರೆಸುತ್ತಾ ನಿಂತಿರುತ್ತಿದ್ದರು. ಕೊನೆಗೊಂದು ದಿನ ಕರು ಏಳಲೇ ಇಲ್ಲ. ನನಗೆ ಇನ್ನು ಸಹಿಸಲು ಆಗಲಿಲ್ಲ. ಮದ್ದಿನ ಬಾಟಲಿ ಹಿಡಿದುಕೊಂಡು ಅಂಗಳದಲ್ಲೇ ನಿಂತು ಹೇಳಿದೆ: “ಹುಳುವೂ ಜೀವ, ಸರಿ. ಕರು ಏನು? ಅದು ಸತ್ತರೆ ಯಾವ ಪಾಪ ಅಂತ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ನೀವು ಏನೂ ಮಾಡಬೇಡಿ. ಕುಡಿಸುವವಳು ನಾನು, ಕೊಲ್ಲುವವಳು ನಾನು. ಪಾಪ ಬಂದರೆ ನನಗೇ ಬರಲಿ.”

ಯಜಮಾನರ ಮುಖ ಅರಳಿತು. “ಇದನ್ನ ಮೊದ್ಲೇ ಹೇಳುಕಾಗ್ದಾ ಮಾರಾಯ್ರೆ? ಹಾಂಗಾರೆ ಅಡ್ಡಿಲ್ಲೆ” ಅಂದರು. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನೂ ನಮ್ಮ ಸಹಾಯಕರೂ ಕರುವಿನ ತಲೆ ಎತ್ತಿ ಹಿಡಿದು ಮದ್ದು ಕುಡಿಸುತ್ತಿರುವಾಗ ಕಿಟಕಿಯಿಂದ ದನಿ ಬಂತು: “ನಿಮ್ಮ ನಕ್ಷತ್ರ ಯಾವ್ದ್?”

ಸಿಟ್ಟಿನಲ್ಲೇ “ಆರಿದ್ರಾ” ಅಂದೆ. ಕಿಟಕಿ ಮುಚ್ಚಿತು.

ಕರು ಉಳಿಯಿತು. ಮರುದಿನ ಅಮ್ಮನವರು ಫೋನ್ ಮಾಡಿ ಹುಳು ರಾಶಿ ರಾಶಿ ಬಿತ್ತು ಅಂದರು. ಕೆಲವು ವಾರದ ಮೇಲೆ ಯಜಮಾನರು ಆಸ್ಪತ್ರೆಗೆ ಬಂದು ಬಾಳೆಲೆಯ ಪೊಟ್ಟಣವೊಂದನ್ನು ನನ್ನ ಮೇಜಿನ ಮೇಲಿಟ್ಟರು. “ಪ್ರಸಾದ. ಕ್ರಿಮಿಹತ್ಯಾ ದೋಷಕ್ಕೆ ನಿಮ್ಮ ಹೆಸ್ರಲ್ಲಿ ಒಂದ್ ಶಾಂತಿ ಮಾಡ್ಸಿದೆ. ಇನ್ನ್ ನಿಮ್ಗೆ ಹೆದ್ರಿಕೆ ಬ್ಯಾಡ.”

ನಿಜ ಹೇಳಬೇಕೆಂದರೆ ನನ್ನ ಸಿಟ್ಟೆಲ್ಲ ಕರಗಿತು. ಎಷ್ಟಾದರೂ ದೊಡ್ಡವರು, ನನ್ನ ಒಳ್ಳೆಯದನ್ನೇ ಬಯಸಿದ್ದಾರೆ ಅಂತ ಕೈಮುಗಿದೆ. ಅವರು ಬಾಗಿಲವರೆಗೆ ಹೋದವರು ತಿರುಗಿ ನೋಡಿದರು. “ಹಟ್ಟಿಯಗೆ ಉಳ್ದ ಗಂಟಿಗೂ ಹುಳ ಇತ್ತಂಬ್ರ್. ನೀವ್ ಯಾವಾಗ ಬತ್ರಿ? ಅದ್ರ ದೋಷಕ್ಕೂ ಸೇರ್ಸಿಯೇ ಮಾಡ್ಸಿ ಆಯ್ತ್.”

ಗೊರಕೆ

ಇದು ಕೊಕ್ಕರ್ಣೆಯ ಕಡೆಯದು. ಒಬ್ಬ ಹೆಂಗಸು ಬಸ್ಸು ಹತ್ತಿ ಬಂದು ನನ್ನ ಎದುರು ಕೂತು ಅತ್ತೇಬಿಟ್ಟರು. ಮನೆಯಲ್ಲಿ ಒಂದು ಮಲೆನಾಡು ಗಿಡ್ಡ ತಳಿಯ ಪುಟ್ಟ ದನ. ಅವರ ಕೈಯಲ್ಲೇ ಹುಟ್ಟಿ ಬೆಳೆದದ್ದು, ಅವರ ದನಿ ಕೇಳಿದರೆ ಗದ್ದೆಯ ಆ ತುದಿಯಿಂದ ಓಡಿ ಬರುವಂಥದ್ದು. ಅದು ಗೊರಕೆ ಹೊಡೆಯುತ್ತದಂತೆ. ಗಂಡನಿಗೆ ನಿದ್ದೆ ಬರುತ್ತಿಲ್ಲ, ಅದನ್ನು ಮಾರಿಯೇ ಸಿದ್ಧ ಅಂತ ಕೂತಿದ್ದಾರಂತೆ.

ದನ ಗೊರಕೆ ಹೊಡೆಯುವುದು ತಮಾಷೆಯಲ್ಲ, ಅದೂ ಹುಳುವಿನದೇ ಕಾಟ. ಕೆರೆ, ತೋಡಿನ ನೀರಿನಲ್ಲಿ ದನ ನಿಂತಾಗ ಚರ್ಮದ ಮೂಲಕ ಒಳಗೆ ಹೊಕ್ಕ ಹುಳು ಮೂಗಿನ ರಕ್ತನಾಳದಲ್ಲಿ ಸೇರಿಕೊಳ್ಳುತ್ತದೆ. ಮೂಗಿನೊಳಗೆ ಹೂಕೋಸಿನ ಹಾಗೆ ಮಾಂಸ ಬೆಳೆದು ಉಸಿರಾಡಲು ಕಷ್ಟವಾಗಿ ಕೊರ್ ಕೊರ್ ಅನ್ನುತ್ತದೆ. ಹೋಗಿ ಟಾರ್ಚ್ ಬಿಟ್ಟು ನೋಡಿದೆ, ಅದೇ. ಹಟ್ಟಿಗೂ ಜಗಲಿಗೂ ನಡುವೆ ಒಂದು ಹಲಗೆಯ ಗೋಡೆ ಮಾತ್ರ. ಗಂಡ ಮಲಗುವುದು ಜಗಲಿಯಲ್ಲಿ.

“ಇಡೀ ರಾತ್ರಿ ಕೊರ್ ಕೊರ್ ಡಾಕ್ಟ್ರೆ. ಕಣ್ಣಿಗೆ ಕಣ್ಣ್ ಕೂಡ್ಸುಕ್ ಆತಿಲ್ಲೆ” ಅಂದರು ಗಂಡ.

“ಗುಣ ಮಾಡಿ ಕೊಡುತ್ತೇನೆ. ಅಲ್ಲಿಯವರೆಗೆ ಮಾರಬೇಡಿ” ಅಂದೆ. ಒಲ್ಲದ ಮನಸ್ಸಿನಿಂದ ಒಪ್ಪಿದರು. ವಾರ ವಾರ ಹೋಗಿ ಚುಚ್ಚುಮದ್ದು ಕೊಟ್ಟೆವು. ಮೂಗಿನ ಮಾಂಸ ಕರಗುತ್ತಾ ಬಂತು. ಕೊನೆಯ ಸಲ ನೋಡಿದಾಗ ದನ ಮಗುವಿನ ಹಾಗೆ ಉಸಿರಾಡುತ್ತಿತ್ತು. ಹೆಂಗಸು ನನಗೆ ಒಂದು ಚೀಲ ತುಂಬ ಸೌತೆಕಾಯಿ ಕೊಟ್ಟು ಕಳಿಸಿದರು.

ಸ್ವಲ್ಪ ದಿನದಲ್ಲೇ ಅವರಿಂದ ಫೋನ್. “ಗೊರ್ಕೆ ನಿಲ್ಲಲೇ ಇಲ್ಲೆ ಅಂತ್ರ್ ಇವ್ರ್. ಇವತ್ ಮದ್ಯಾಹ್ನ ದನ ಕಾಂಬುಕೆ ಜನ ಬತ್ರಂಬ್ರ್. ನೀವೇ ಬಂದ್ ಒಂದ್ ಮಾತ್ ಹೇಳಿ.”

ನನ್ನ ಮೈಯೆಲ್ಲ ಉರಿದು ಹೋಯಿತು. ಗುಣವಾದ ದನವನ್ನು ಗುಣವಾಗಿಲ್ಲ ಅನ್ನುವುದೆಂದರೇನು? ಮಾರಲು ನೆವ ಬೇಕು ಅಷ್ಟೆ, ಅದಕ್ಕೆ ನನ್ನ ಮದ್ದಿನ ಮೇಲೆ ಆರೋಪ. ಊಟವನ್ನೂ ಬಿಟ್ಟು ಹೊರಟೆ. ದಾರಿಯುದ್ದಕ್ಕೂ ಏನೇನು ಹೇಳಬೇಕು ಅಂತ ಒಂದೊಂದೇ ವಾಕ್ಯ ಕೂಡಿಸಿಕೊಂಡು ಹೋದೆ.

ಅಂಗಳಕ್ಕೆ ಕಾಲಿಟ್ಟೆ. ಕೊರ್. ಕೊರ್. ಕೊರ್.

ನನ್ನ ವಾಕ್ಯಗಳೆಲ್ಲ ಒಂದೇ ಸಲಕ್ಕೆ ಬಿದ್ದುಹೋದವು. ಹಾಗಾದರೆ ಅವರು ಹೇಳಿದ್ದೇ ನಿಜವೇ, ಇಷ್ಟು ವಾರ ಕೊಟ್ಟ ಮದ್ದೆಲ್ಲ ನೀರಿಗೆ ಹೋಯಿತೇ, ಈ ಹೆಂಗಸಿನ ಮುಖ ಹೇಗೆ ನೋಡಲಿ ಅನ್ನಿಸಿತು. ಅವರು ಬಾಗಿಲಲ್ಲಿ ನಿಂತಿದ್ದರು, ಮುಖ ಬಾಡಿತ್ತು. ಇಬ್ಬರೂ ಹಟ್ಟಿಗೆ ಹೋದೆವು.

ದನ ಕಣ್ಣು ಅರ್ಧ ಮುಚ್ಚಿ ಮೆಲುಕು ಹಾಕುತ್ತಿತ್ತು. ಬಗ್ಗಿ ಅದರ ಮೂಗಿನ ಹತ್ತಿರ ಕಿವಿಯಿಟ್ಟೆ. ಸದ್ದೇ ಇಲ್ಲ. ಟಾರ್ಚ್ ಬಿಟ್ಟೆ, ಮೂಗು ಸ್ವಚ್ಛ. ಆದರೂ ಕೊರ್ ಕೊರ್ ನಡೆದೇ ಇತ್ತು. ಇಬ್ಬರೂ ಒಟ್ಟಿಗೇ ಹಲಗೆಯ ಗೋಡೆಯ ಕಡೆ ನೋಡಿದೆವು. ಹೆಂಗಸಿನ ಮುಖದ ಬಣ್ಣ ನಿಧಾನಕ್ಕೆ ಬದಲಾಗುತ್ತಾ ಹೋಯಿತು.

ಸುತ್ತು ಹಾಕಿ ಜಗಲಿಗೆ ಬಂದೆವು. ಗಂಡ ಉಂಡು ಚಾಪೆಯ ಮೇಲೆ ಮಲಗಿದ್ದರು, ಮುಖದ ಮೇಲೆ ಬೈರಾಸು, ಅಂದರೆ ಟವೆಲು. ಪ್ರತಿ ಕೊರ್‌ಗೂ ಬೈರಾಸು ಮೇಲೆದ್ದು ಕೆಳಗೆ ಬೀಳುತ್ತಿತ್ತು. ಅಷ್ಟರಲ್ಲಿ ಎಂಥ ದೊಡ್ಡ ಗೊರಕೆ ಬಂತೆಂದರೆ ಅದಕ್ಕೆ ಅವರೇ ಬೆಚ್ಚಿ ಎದ್ದು ಕೂತರು. ಎದುರಿಗೆ ನಾನು. ನಾನು ಬಾಯಿ ತೆರೆಯುವ ಮೊದಲೇ ಅವರು ಹಟ್ಟಿಯ ಕಡೆ ಕೈ ತೋರಿಸಿದರು.

“ಬಂದ್ರ್ಯಾ ಡಾಕ್ಟ್ರೆ? ಒಳ್ಳೆದಾಯ್ತ್. ಈಗ ನಿಮ್ಮ ಕಿವಿಯಗೇ ಕ್ಯಾಂಡ್ರಿ ಅಲ್ದಾ? ಆ ದನ ಹಗ್ಲೂ ಶುರು ಮಾಡಿತ್ತ್.”

ಅದೇ ಹೊತ್ತಿಗೆ ದನ ಕೊಳ್ಳಲು ಬಂದವರು ಅಂಗಳದಲ್ಲಿ ಚಪ್ಪಲಿ ಬಿಟ್ಟು, “ಹ್ವಾಯ್, ಗೊರ್ಕೆ ಹೊಡಿತ್ತ್ ಅಂದ್ರಲೆ, ಅದ್ ಎಲ್ಲಿತ್ತ್?” ಅಂತ ಕೇಳಿದರು.

ಹೆಂಗಸು ಸೆರಗು ಸೊಂಟಕ್ಕೆ ಸಿಕ್ಕಿಸಿ ಗಂಡನ ಕಡೆ ಬೆರಳು ತೋರಿಸಿದರು.

“ಇಕಾಣಿ, ಚಾಪಿ ಮೇಲೆ ಕೂಕಂಡಿತ್ತ್. ಬೇಕಾರೆ ಹೊಡ್ಕಂಡ್ ಹೋಯ್ನಿ. ದನ ಮಾತ್ರ ನಾ ಕೊಡುದಿಲ್ಲೆ.”